ನಾಲ್ಕೇ ಸಾಮಗ್ರಿ: ಫ್ರಾನ್ಸಿನ ಬೇಕರಿಯಲ್ಲಿ ಮೊದಲ ತುತ್ತು

(ದತ್ತಿ ಉಪನ್ಯಾಸದ ಬರಹರೂಪ)



ಪ್ರವಾಸ ಸಾಹಿತ್ಯವನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯ ಆಶಯ. ನಾನು ಆರಿಸಿಕೊಂಡಿರುವ ವಿಷಯ ಒಂದು ತುತ್ತಿನಷ್ಟೇ ಇದೆ. ಫ್ರಾನ್ಸಿಗೆ ಹೋದವರು ಬೀದಿಯ ಬೇಕರಿಯಲ್ಲಿ ಮೊದಲ ಸಲ ತಿನ್ನುವ ಸಾದಾ ಬ್ರೆಡ್ಡನ್ನು ಕುರಿತು ಮಾತಾಡುತ್ತೇನೆ. ಪ್ರವಾಸ ಕಥನ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಊಟದ ಪುಟಗಳನ್ನು. ಅರಮನೆ, ಚರ್ಚು, ಸೇತುವೆಗಳ ವರ್ಣನೆ ಒಬ್ಬ ಲೇಖಕರಿಂದ ಇನ್ನೊಬ್ಬರಿಗೆ ಅಷ್ಟೇನೂ ಬದಲಾಗುವುದಿಲ್ಲ. ಹಸಿವಾದಾಗ ಎಲ್ಲಿಗೆ ಹೋದರು, ಏನನ್ನು ಕೇಳಿದರು, ಬಾಯಿಗಿಡುವ ಮೊದಲು ಯಾಕೆ ಹಿಂದೆಮುಂದೆ ನೋಡಿದರು ಎಂದು ಬರೆದಾಗ ಆ ದೇಶವೂ ಕಾಣುತ್ತದೆ, ಬರೆದವರೂ ಕಾಣುತ್ತಾರೆ.

ಇಂಥ ಒಂದು ಪುಟವನ್ನು ತತ್ತ್ವಜ್ಞಾನಿ ರೂಸೋ ಬರೆದಿದ್ದಾನೆ. ಅವನು ಫ್ರಾನ್ಸಿನವನಲ್ಲ, ಜಿನೀವಾದವನು. 1740ರಲ್ಲಿ ಲಿಯೋನ್ ನಗರದ ಮಾಬ್ಲಿ ಎಂಬ ಅಧಿಕಾರಿಯ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದ್ದ. ಆ ಮನೆಯ ನೆಲಮಾಳಿಗೆಯಲ್ಲಿದ್ದ ಆರ್ಬುವಾ ಊರಿನ ಬಿಳಿ ವೈನಿನ ಮೇಲೆ ಅವನಿಗೆ ಆಸೆ ಹುಟ್ಟಿತು. ಆಗೀಗ ಒಂದೊಂದು ಸೀಸೆಯನ್ನು ಕೋಣೆಗೆ ಸಾಗಿಸಿಕೊಂಡ. ಆದರೆ ಬ್ರೆಡ್ಡಿಲ್ಲದೆ ಅವನಿಗೆ ವೈನ್ ಇಳಿಯುತ್ತಿರಲಿಲ್ಲ. ಆಳನ್ನು ಕಳಿಸಿದರೆ ಗುಟ್ಟು ರಟ್ಟಾಗುತ್ತದೆ. ತಾನೇ ಹೋಗೋಣವೆಂದರೆ, ಸೊಂಟಕ್ಕೆ ಕತ್ತಿ ಕಟ್ಟಿದ ದೊಡ್ಡ ಮನುಷ್ಯ ಬ್ರೆಡ್ಡಿನ ಅಂಗಡಿಗೆ ಕಾಲಿಡುವುದೆಂತು? ಆಗ, ಜನಕ್ಕೆ ಬ್ರೆಡ್ಡಿಲ್ಲವೆಂದರೆ ಬ್ರಿಯೋಶ್ ತಿನ್ನಲಿ ಎಂದಿದ್ದ ಯಾವಳೋ ರಾಜಕುಮಾರಿಯ ಮಾತು ಅವನಿಗೆ ನೆನಪಾಯಿತಂತೆ. ಮೊಟ್ಟೆ, ಬೆಣ್ಣೆ ಹಾಕಿ ಮಾಡುವ ಬ್ರಿಯೋಶ್ ಮಾರುವ ಅಂಗಡಿಗೆ ಹೋಗುವುದರಲ್ಲಿ ಮರ್ಯಾದೆಗೆ ಕುಂದಿರಲಿಲ್ಲ. ಅವನು ಅದನ್ನೇ ಕೊಂಡು ತಂದ.

ಆ ಮಾತನ್ನು ಮುಂದೆ ಮರಿ ಆಂತ್ವಾನೆತ್ ರಾಣಿಯ ತಲೆಗೆ ಕಟ್ಟಿದರು. ಕನ್ನಡದ ಪಠ್ಯಪುಸ್ತಕ ಓದಿದವರಿಗೂ ಆ ಕಥೆ ಗೊತ್ತು. ಆಕೆ ಹುಟ್ಟಿದ್ದು 1755ರಲ್ಲಿ. ರೂಸೋ ಹೇಳುವ ಘಟನೆಯ ಕಾಲಕ್ಕೆ ಆಕೆ ಹುಟ್ಟಿರಲಿಲ್ಲ, ಅವನು ಅದನ್ನು ಬರೆದಿಟ್ಟ ಕಾಲಕ್ಕೆ ವಿಯೆನ್ನಾದಲ್ಲಿ ಇನ್ನೂ ಹುಡುಗಿ. ನನಗೆ ಆ ಪುಟದಲ್ಲಿ ಮುಖ್ಯವಾಗಿ ಕಂಡದ್ದು ಬೇರೆ. ಪರ ಊರಿನವನೊಬ್ಬ ಬ್ರೆಡ್ಡಿನ ಅಂಗಡಿಯ ಹೊಸ್ತಿಲಲ್ಲಿ ಸಂಕೋಚಪಡುತ್ತಾನೆ. ಅವನ ಸಂಕೋಚಕ್ಕೆ ಆ ದೇಶದ ವರ್ಗಭೇದ ಕಾರಣ. ಇವತ್ತು ಅದೇ ಊರಿನಲ್ಲಿ ಕೂಲಿಯವರು, ವಕೀಲರು, ಶಾಲೆಯ ಮಕ್ಕಳು, ಪ್ರವಾಸಿಗಳು ಒಂದೇ ಸಾಲಿನಲ್ಲಿ ನಿಂತು, ಒಂದು ಯೂರೋದ ಆಸುಪಾಸಿನ ಬೆಲೆಗೆ, ಒಂದೇ ಒಲೆಯ ಬ್ರೆಡ್ಡನ್ನು ಕೊಳ್ಳುತ್ತಾರೆ. ಈ ಎರಡು ಚಿತ್ರಗಳ ನಡುವೆ ಏನೇನು ನಡೆಯಿತು ಎಂಬುದು ನಾವು ತಿನ್ನುವ ತುತ್ತಿನಲ್ಲೇ ಸೇರಿಕೊಂಡಿದೆ ಎಂಬುದು ನನ್ನ ನಂಬಿಕೆ.

ನಾನು ಆ ಬ್ರೆಡ್ಡನ್ನು ಮೊದಲು ತಿಂದದ್ದೂ ಲಿಯೋನ್‌ನಲ್ಲೇ. ಅಕ್ಕನ ಮಗ ಅಲ್ಲಿ ಓದುತ್ತಿದ್ದ. ಅವನ ಕೋಣೆ ಕ್ರುವಾ-ರೂಸ್ ಗುಡ್ಡದ ಮೇಲಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಅದು ರೇಷ್ಮೆ ನೇಯುವವರ ಬಡಾವಣೆ. ಜಕಾರ್ಡ್ ಮಗ್ಗ ಹಿಡಿಸಲೆಂದು ಸೂರನ್ನು ಎತ್ತರಿಸಿ ಕಟ್ಟಿದ ಮನೆಗಳು ಈಗಲೂ ಇವೆ. ಬೆಳಿಗ್ಗೆ ನನ್ನನ್ನು ಕೆಳಗಿನ ಬೇಕರಿಗೆ ಕಳಿಸುವಾಗ ಅವನು ಹೇಳಿದ: ‘ಮಾವ, ಒಳಗೆ ಹೋದ ತಕ್ಷಣ ಬೋಂಜೂರ್ ಅನ್ನಿ. ಅದನ್ನ ಹೇಳದೆ ನೇರ ಬ್ರೆಡ್ ಕೇಳಿದ್ರೆ ಅವರಿಗೆ ಬೇಜಾರಾಗತ್ತೆ. ಆಮೇಲೆ ಯೂನ್ ತ್ರಾದಿಸಿಯೋಂ ಅಂದ್ರೆ ಸಾಕು, ಕೊಡ್ತಾರೆ.’

ಸಾಲು ಬಾಗಿಲಾಚೆಗೂ ಬಂದಿತ್ತು. ಪ್ರತಿಯೊಬ್ಬರೂ ನಮಸ್ಕಾರ ಹೇಳಿ, ತಮಗೆ ಬೇಕಾದ ಬ್ರೆಡ್ಡು ಹೇಗೆ ಬೆಂದಿರಬೇಕು ಎಂದೂ ಹೇಳುತ್ತಿದ್ದರು. ಕೆಲವರಿಗೆ ಚೆನ್ನಾಗಿ ಕೆಂಪೇರಿದ್ದು ಬೇಕು, ಕೆಲವರಿಗೆ ಮಾಸಲು ಬಣ್ಣದ್ದು. ಅಂಗಡಿಯಾಕೆ ಹಿಂದಿನ ಬುಟ್ಟಿಯಲ್ಲಿ ಕೈಯಾಡಿಸಿ ಹೊಂದುವುದನ್ನು ಎಳೆದು ಕೊಡುತ್ತಿದ್ದರು. ನನ್ನ ಸರದಿ ಬಂದಾಗ ಕೈಗೆ ಸಿಕ್ಕಿದ್ದು ಮೊಳಕ್ಕಿಂತ ಉದ್ದದ, ನಡುವಿಗೆ ಮಾತ್ರ ಕಾಗದ ಸುತ್ತಿದ, ಇನ್ನೂ ಬಿಸಿ ಆರದ ಬಾಗೆತ್. ದಾರಿಯಲ್ಲೇ ಅದರ ತುದಿ ಮುರಿದು ತಿನ್ನುತ್ತ ನಡೆಯುವುದು ಅಲ್ಲಿ ದೊಡ್ಡವರೂ ಮಾಡುವ ಕೆಲಸ. ನಾನೂ ಮುರಿದೆ.

ಹಲ್ಲಿಗೆ ಸಿಕ್ಕಿದ ಕೂಡಲೇ ಹೊರಪದರ ಚೂರುಚೂರಾಯಿತು. ಅದರಲ್ಲಿ ಹುರಿದ ಗೋಧಿಯ ಪರಿಮಳವಿತ್ತು, ಕಹಿಯಾಗುವ ಮೊದಲೇ ನಿಲ್ಲಿಸಿದ ಸುಟ್ಟ ಸಕ್ಕರೆಯ ರುಚಿಯಿತ್ತು. ಒಳಗಿನ ತಿರುಳು ಕೆನೆಬಣ್ಣದ್ದು. ದೊಡ್ಡದು ಚಿಕ್ಕದು ಎಂಬ ಲೆಕ್ಕವಿಲ್ಲದ ತೂತುಗಳು. ತುಸು ತೇವವಾಗಿತ್ತು, ಜಗಿಯಬೇಕಾಗಿತ್ತು. ಜಗಿದಂತೆ ಸಿಹಿಯೂ ಅದರ ಹಿಂದೆಯೇ ತೆಳ್ಳಗಿನ ಹುಳಿಯೂ ಬಂದವು. ಬೆಣ್ಣೆಯಿಲ್ಲ, ಜಾಮಿಲ್ಲ. ಬೆಂಗಳೂರಿನ ಬೇಕರಿಗಳ ಮೆತ್ತನೆಯ, ಸಿಹಿ ಬೆರೆತ ಬ್ರೆಡ್ಡಿನಲ್ಲಿ ಬೆಳೆದವನು ನಾನು. ನನ್ನ ಪಾಲಿಗೆ ಬ್ರೆಡ್ಡೆಂದರೆ ಕಾಫಿಯಲ್ಲಿ ಅದ್ದುವುದು, ಜ್ವರ ಬಂದಾಗ ತಿನ್ನುವುದು, ಆಲೂಗಡ್ಡೆ ಪಲ್ಯವನ್ನು ನಡುವೆ ಹಿಡಿದುಕೊಳ್ಳುವುದು. ಇನ್ನೊಂದು ರುಚಿಯ ಜೊತೆಗೆ ಹೋಗುವ ಪದಾರ್ಥ. ಒಂಟಿಯಾಗಿ, ತನ್ನದೇ ರುಚಿಯಿಂದ ಊಟವಾಗಬಲ್ಲ ಬ್ರೆಡ್ಡನ್ನು ಅಂದು ಮೊದಲು ಕಂಡೆ. ಕೋಣೆ ತಲುಪುವ ಹೊತ್ತಿಗೆ ಅರ್ಧ ಮುಗಿದಿತ್ತು.

ಗೋಧಿ ಹಿಟ್ಟು, ನೀರು, ಉಪ್ಪು, ಹುದುಗು. ಇವಿಷ್ಟರಿಂದ ಅಷ್ಟು ರುಚಿ ಹೇಗೆ ಬಂತು? ನಮ್ಮ ಅಡುಗೆಮನೆಯಲ್ಲಿ ದೋಸೆಹಿಟ್ಟು ಇಟ್ಟವರಿಗೆ ಅರ್ಧ ಉತ್ತರ ಗೊತ್ತೇ ಇದೆ: ರುಬ್ಬಿದ ಕೂಡಲೇ ಹುಯ್ದ ದೋಸೆಗೂ ರಾತ್ರಿಯೆಲ್ಲ ಹುದುಗಿದ ಹಿಟ್ಟಿನ ದೋಸೆಗೂ ಇರುವ ವ್ಯತ್ಯಾಸವೇ ಇಲ್ಲೂ ಇರುವುದು. ನೀರು ಬಿದ್ದ ಗಳಿಗೆಯಿಂದ ಹಿಟ್ಟಿನೊಳಗಿನ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡತೊಡಗುತ್ತವೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಅನಿಲ ಬಿಡುತ್ತದೆ, ಕಣಕ ಉಬ್ಬುತ್ತದೆ. ಜೊತೆಗೆ ಬ್ಯಾಕ್ಟೀರಿಯಾಗಳು ನಿಧಾನವಾಗಿ ಹುಳಿಯನ್ನೂ ಪರಿಮಳವನ್ನೂ ಸೇರಿಸುತ್ತವೆ. ಉಬ್ಬುವುದಕ್ಕೆ ಹೆಚ್ಚು ಹೊತ್ತು ಬೇಡ, ಯೀಸ್ಟ್ ಜಾಸ್ತಿ ಹಾಕಿದರೆ ಬೇಗ ಉಬ್ಬುತ್ತದೆ. ರುಚಿ ಕಟ್ಟುವುದಕ್ಕೆ ಮಾತ್ರ ಹೊತ್ತು ಬೇಕೇ ಬೇಕು. ಆಮೇಲೆ ಒಲೆಯ ಕೆಲಸ. ಒಲೆಗೆ ಹಾಕುವ ಮುನ್ನ ಬೇಕರಿಯವರು ಬ್ಲೇಡಿನಿಂದ ಕಣಕದ ಮೈಮೇಲೆ ಓರೆಯಾಗಿ ಗೀರುತ್ತಾರೆ; ಒಳಗಿನ ಅನಿಲ ಹಿಗ್ಗಿ ಎಲ್ಲೆಂದರಲ್ಲಿ ಒಡೆಯದೆ ಆ ಗೀರಿನಲ್ಲೇ ಬಾಯ್ದೆರೆಯಲಿ ಎಂದು. ಒಲೆಯ ಶಾಖ ಸುಮಾರು 250 ಡಿಗ್ರಿ. ಮೊದಲ ನಿಮಿಷಗಳಲ್ಲಿ ಹಬೆ ಬಿಡುತ್ತಾರೆ. ಹಬೆಯಿಂದ ಮೇಲ್ಮೈ ಬೇಗ ಒಣಗದೆ ಹಿಗ್ಗುತ್ತದೆ, ಹೊಳಪು ಬರುತ್ತದೆ. ಹಬೆ ಹೋದ ಮೇಲೆ ಹೊರಪದರ ಗಟ್ಟಿಯಾಗಿ, ಉಳಿದ ಸಕ್ಕರೆಯೂ ಪ್ರೋಟೀನೂ ಸೇರಿ ಕಂದು ಬಣ್ಣ, ಹುರಿದ ಪರಿಮಳ ಹುಟ್ಟುತ್ತದೆ. ಹೊರತೆಗೆದ ಬ್ರೆಡ್ಡು ತಣ್ಣಗಾಗುವಾಗ ಹೊರಪದರ ಸಣ್ಣಗೆ ಬಿರಿದು ಚಟಪಟ ಸದ್ದು ಮಾಡುತ್ತದೆ. ಬ್ರೆಡ್ಡು ಹಾಡುತ್ತಿದೆ ಎನ್ನುತ್ತಾರೆ ಫ್ರಾನ್ಸಿನ ಬೇಕರಿಯವರು.

ಇಷ್ಟು ಹೇಳಿದ ಮೇಲೆ ಪ್ರವಾಸಿಗಳಲ್ಲಿ ಸಾಮಾನ್ಯವಾದ ಒಂದು ಭಾವನೆಯನ್ನು ಎತ್ತಿಕೊಳ್ಳಬೇಕು. ತುದಿ ಮುರಿದು ಬಾಯಿಗಿಟ್ಟವರಿಗೆ ತಾವು ಹಳೆಯ ಫ್ರಾನ್ಸನ್ನು, ಶತಮಾನಗಳಿಂದ ಬದಲಾಗದ ಏನನ್ನೋ ತಿನ್ನುತ್ತಿದ್ದೇವೆ ಎನಿಸುತ್ತದೆ. ಅಂಗಡಿಯ ಹಳೆಯ ಬೋರ್ಡು, ಬುಟ್ಟಿ, ಹಿಟ್ಟು ಮೆತ್ತಿದ ಮುಂಗೈ ಎಲ್ಲವೂ ಹಾಗೆಯೇ ಹೇಳುತ್ತವೆ. ವಾಸ್ತವ ಹಾಗಿಲ್ಲ. ಫ್ರಾನ್ಸ್ ತನ್ನ ಬ್ರೆಡ್ಡಿನ ರುಚಿಯನ್ನು ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಬಹುಮಟ್ಟಿಗೆ ಕಳೆದುಕೊಂಡಿತ್ತು. ನಮ್ಮ ಕಾಲದ ಪ್ರವಾಸಿಗಳು ತಿನ್ನುತ್ತಿರುವುದು ಕಳೆದುಕೊಂಡು, ವಾದ ಮಾಡಿ, ಕಾನೂನು ಬರೆದು ಮರಳಿ ಪಡೆದ ಬ್ರೆಡ್ಡನ್ನು. ನನ್ನ ಇಂದಿನ ಮಾತಿನ ತಿರುಳು ಇದೇ.

ಎರಡನೇ ಮಹಾಯುದ್ಧದಲ್ಲಿ, 1940ರಿಂದ, ಅಲ್ಲಿ ಬ್ರೆಡ್ಡಿಗೆ ರೇಷನ್ ಬಂತು. ಯುದ್ಧ ಮುಗಿದರೂ ರೇಷನ್ ಮುಗಿಯಲಿಲ್ಲ, 1949ರವರೆಗೆ ಮುಂದುವರಿಯಿತು. ಆ ವರ್ಷಗಳ ಬ್ರೆಡ್ಡು ಕಪ್ಪಗೆ, ತವುಡು ಮತ್ತು ಬೇರೆ ಕಾಳುಗಳ ಹಿಟ್ಟು ಬೆರೆತದ್ದು. ಅದನ್ನು ತಿಂದು ಬೇಸತ್ತ ಜನ ಅಚ್ಚ ಬಿಳಿಯ ಬ್ರೆಡ್ಡನ್ನು ಬಯಸಿದ್ದರಲ್ಲಿ ತಪ್ಪಿಲ್ಲ. 1950ರ ದಶಕದಲ್ಲಿ ಹಿಟ್ಟನ್ನು ವೇಗವಾಗಿ, ಬಹಳ ಹೊತ್ತು ನಾದುವ ಯಂತ್ರಗಳು ಬಂದವು. ಹಾಗೆ ನಾದಿದಾಗ ಕಣಕದೊಳಗೆ ಗಾಳಿ ಹೊಕ್ಕು, ಗೋಧಿಗೆ ಸಹಜವಾದ ಕೆನೆಬಣ್ಣವೂ ಅದರೊಂದಿಗಿನ ಪರಿಮಳವೂ ಹೊರಟುಹೋಗುತ್ತವೆ. ಯೀಸ್ಟನ್ನೂ ಸೇರ್ಪಡೆಗಳನ್ನೂ ಹೆಚ್ಚಿಸಿ ಹುದುಗುವ ಹೊತ್ತನ್ನು ಕಡಿಮೆ ಮಾಡಿದರು. ಬ್ರೆಡ್ಡು ದೊಡ್ಡದಾಗಿ, ಹಗುರವಾಗಿ, ಹತ್ತಿಯಂತೆ ಬೆಳ್ಳಗೆ ಬಂತು. ಬೆಳಿಗ್ಗೆ ಕೊಂಡದ್ದು ಮಧ್ಯಾಹ್ನಕ್ಕೆ ಸಪ್ಪೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಬ್ಬೊಬ್ಬ ಫ್ರೆಂಚರು ದಿನಕ್ಕೆ ಸುಮಾರು 900 ಗ್ರಾಂ ಬ್ರೆಡ್ಡು ತಿನ್ನುತ್ತಿದ್ದರು. ಇಂದು ಅದು 100 ಗ್ರಾಂ ಆಸುಪಾಸಿಗೆ ಇಳಿದಿದೆ. ಮಾಂಸ, ಹಾಲು, ತರಕಾರಿ ಎಲ್ಲರ ಕೈಗೆಟುಕಿದ್ದು ಇದಕ್ಕೆ ದೊಡ್ಡ ಕಾರಣ. ರುಚಿ ಕೆಟ್ಟದ್ದೂ ಒಂದು ಕಾರಣವೆಂದು ಬೇಕರಿಯ ವಿದ್ಯೆ ಬಲ್ಲವರು ಅಂದೇ ದೂರುತ್ತಿದ್ದರು.

ಅವರಲ್ಲಿ ರೇಮೋಂ ಕಾಲ್ವೆಲ್ ಹೆಸರನ್ನು ಗೌರವದಿಂದ ಹೇಳಬೇಕು. ಪ್ಯಾರಿಸಿನ ಹಿಟ್ಟಿನ ಗಿರಣಿ ವಿದ್ಯೆಯ ಶಾಲೆಯಲ್ಲಿ ಬೇಕರಿಯ ಪಾಠ ಹೇಳುತ್ತಿದ್ದ ಮೇಷ್ಟ್ರು ಅವರು. ಅತಿಯಾಗಿ ನಾದುವುದರಿಂದಲೇ ರುಚಿ ಹಾಳಾಗುತ್ತದೆ ಎಂದು ದಶಕಗಳ ಕಾಲ ಹೇಳುತ್ತ ಬಂದರು. ಬರೀ ಹೇಳಲಿಲ್ಲ, ದಾರಿಯನ್ನೂ ತೋರಿಸಿದರು. ಹಿಟ್ಟಿಗೆ ನೀರು ಮಾತ್ರ ಬೆರೆಸಿ, ಉಪ್ಪು ಯೀಸ್ಟ್ ಹಾಕುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಕಣಕ ತಾನಾಗಿ ಮೃದುವಾಗಿ ಎಳೆಗಟ್ಟುತ್ತದೆ, ಆಮೇಲೆ ಕಡಿಮೆ ನಾದಿದರೆ ಸಾಕು. ಇದು ಅವರ ಉಪಾಯ. ಕೇಳುವುದಕ್ಕೆ ಇಷ್ಟೇ, ಬಣ್ಣ, ಪರಿಮಳ ಎರಡೂ ಇದರಿಂದ ಉಳಿದವು. 1990ರಲ್ಲಿ ಅವರು ಬ್ರೆಡ್ಡಿನ ರುಚಿಯ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಇನ್ನೊಂದು ಕಡೆ, ಪ್ಯಾರಿಸಿನ ಶೆರ್ಶ್-ಮಿದಿ ಬೀದಿಯಲ್ಲಿ 1932ರಲ್ಲಿ ಅಂಗಡಿ ತೆರೆದ ಪುವಾಲಾನ್ ಕುಟುಂಬ, ನಗರವೆಲ್ಲ ಬಿಳಿ ಬಾಗೆತ್ತಿನ ಹಿಂದೆ ಬಿದ್ದಾಗಲೂ ಕಲ್ಲಿನಲ್ಲಿ ಬೀಸಿದ ಹಿಟ್ಟಿನ, ಹುಳಿ ಹುದುಗಿನ, ಸೌದೆ ಒಲೆಯ ದುಂಡು ಬ್ರೆಡ್ಡನ್ನು ಬಿಡಲಿಲ್ಲ. ಸುಮಾರು ಎರಡು ಕಿಲೋ ತೂಗುವ ಆ ಬ್ರೆಡ್ಡು ವಾರವಿಡೀ ತಿನ್ನಲು ಬರುತ್ತದೆ. ಇದೆಲ್ಲದರ ಚರಿತ್ರೆಯನ್ನು ಬರೆದವರು ಸ್ಟೀವನ್ ಕಪ್ಲಾನ್ ಎಂಬ ಅಮೆರಿಕದ ವಿದ್ವಾಂಸರು. ಹದಿನೆಂಟನೇ ಶತಮಾನದ ಪ್ಯಾರಿಸಿನ ಬ್ರೆಡ್ಡಿನ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಅವರು, ಇಂದಿನ ಬ್ರೆಡ್ಡಿನ ಗುಣದೋಷಗಳನ್ನೂ ಬಾಯಿಬಿಟ್ಟು ಹೇಳಿ ಫ್ರೆಂಚರನ್ನು ಎಚ್ಚರಿಸಿದರು. ಹೊರಗಿನವರೊಬ್ಬರ ನಾಲಿಗೆ ಇಷ್ಟು ಕೆಲಸ ಮಾಡಬಲ್ಲದು ಎಂಬುದು ಪ್ರವಾಸ ಬರೆಯುವ ನಮಗೆಲ್ಲ ಧೈರ್ಯ ಕೊಡುವ ವಿಷಯ.

1993ರ ಸೆಪ್ಟೆಂಬರ್ 13ರಂದು, ಬಲಾದ್ಯೂರ್ ಪ್ರಧಾನಿಯಾಗಿದ್ದಾಗ, ಫ್ರಾನ್ಸ್ ಸರ್ಕಾರ ಬ್ರೆಡ್ಡಿನ ಬಗ್ಗೆ ಒಂದು ಆಜ್ಞೆ ಹೊರಡಿಸಿತು. ನಾನು ಅಂಗಡಿಯಲ್ಲಿ ಕೇಳಿದ ಆ ‘ತ್ರಾದಿಸಿಯೋಂ’ ಇದರ ಕೂಸು. ಆ ಹೆಸರಿನಲ್ಲಿ ಮಾರುವ ಬ್ರೆಡ್ಡಿನಲ್ಲಿ ಗೋಧಿ ಹಿಟ್ಟು, ನೀರು, ಉಪ್ಪು ಮತ್ತು ಯೀಸ್ಟ್ ಅಥವಾ ಹುಳಿ ಹುದುಗು ಇರಬೇಕು. ಯಾವ ರಾಸಾಯನಿಕ ಸೇರ್ಪಡೆಯೂ ಸಲ್ಲದು. ಯಾವ ಹಂತದಲ್ಲೂ ಹಿಮಗಟ್ಟಿಸಕೂಡದು. ಬೀನ್ಸ್ ಜಾತಿಯ ಒಂದು ಕಾಳಿನ ಹಿಟ್ಟು ಗರಿಷ್ಠ 2%, ಸೋಯಾ ಹಿಟ್ಟು 0.5%, ಮೊಳಕೆ ಬರಿಸಿದ ಗೋಧಿಯ ಹಿಟ್ಟು 0.3%, ಇಂಥ ಚಿಟಿಕೆಗಳಿಗೆ ಅವಕಾಶವಿದೆ. ಹುಳಿ ಹುದುಗಿನ ಬ್ರೆಡ್ಡು ಎಂದು ಕರೆಯಬೇಕಾದರೆ ಅದರ ಆಮ್ಲತೆ ಎಷ್ಟಿರಬೇಕು ಎಂದೂ ಆಜ್ಞೆಯಲ್ಲಿ ಬರೆದಿದೆ: ಪಿಎಚ್ 4.3ನ್ನು ಮೀರಬಾರದು. ಐದು ವರ್ಷದ ನಂತರ, 1998ರ ಮೇ ತಿಂಗಳಲ್ಲಿ, ಇನ್ನೊಂದು ಕಾನೂನು ಬಂತು. ಹಿಟ್ಟು ನಾದುವುದು, ಹುದುಗಿಸುವುದು, ಆಕಾರ ಕೊಡುವುದು, ಬೇಯಿಸುವುದು ಎಲ್ಲವನ್ನೂ ಮಾರುವ ಜಾಗದಲ್ಲೇ ಮಾಡುವವರು ಮಾತ್ರ ಅಂಗಡಿಗೆ ‘ಬೂಲಾಂಜರಿ’ ಎಂದು ಬೋರ್ಡು ಹಾಕಿಕೊಳ್ಳಬಹುದು.

ಗಮನಿಸಬೇಕಾದದ್ದು, 1993ರ ಆಜ್ಞೆ ಬ್ರೆಡ್ಡು ಇಷ್ಟು ಗಂಟೆ ಹುದುಗಬೇಕು ಎಂದು ಹೇಳುವುದಿಲ್ಲ. ಆದರೆ ಬೇಗ ಮುಗಿಸುವ ದಾರಿಗಳನ್ನೆಲ್ಲ ಮುಚ್ಚಿದ್ದರಿಂದ, ಒಳ್ಳೆಯ ಬ್ರೆಡ್ಡು ಮಾಡಬೇಕೆಂದವರು ಕಾಯಲೇಬೇಕಾಯಿತು. ಆ ಕಾಯುವಿಕೆಗೆ ಯಂತ್ರವೂ ಒದಗಿತು. ಸಂಜೆ ನಾದಿದ ಕಣಕವನ್ನು ನಾಲ್ಕಾರು ಡಿಗ್ರಿಯ ತಂಪು ಪೆಟ್ಟಿಗೆಯಲ್ಲಿಟ್ಟರೆ ರಾತ್ರಿಯೆಲ್ಲ ನಿಧಾನವಾಗಿ ಹುದುಗುತ್ತದೆ; ಬೇಕರಿಯವರು ಅಷ್ಟು ಹೊತ್ತು ಮಲಗಬಹುದು. ಈ ಮಾತಿಗೆ ಹಿನ್ನೆಲೆಯಿದೆ. ಅಲ್ಲಿ ಬೇಕರಿಯ ಕೆಲಸವೆಂದರೆ ನೆಲಮಾಳಿಗೆಯ ಸೆಖೆಯಲ್ಲಿ ರಾತ್ರಿಯಿಡೀ ಮೈ ಮುರಿಯುವ ದುಡಿಮೆ. ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಬ್ರೆಡ್ಡು ಮಾಡಿಸಬಾರದೆಂದು 1919ರಲ್ಲೇ ಕಾನೂನು ಮಾಡಿದರೂ, ಬೆಳಿಗ್ಗೆ ಬಿಸಿ ಬ್ರೆಡ್ಡು ಬೇಕೆನ್ನುವ ಗಿರಾಕಿಗಳ ಎದುರು ಅದನ್ನು ಪಾಲಿಸುವುದು ಸುಲಭವಿರಲಿಲ್ಲ. ಬೇಗ ಬೇಯುವ ಉದ್ದನೆಯ ತೆಳು ಬ್ರೆಡ್ಡು ಜನಪ್ರಿಯವಾದದ್ದು ಆ ಕಾನೂನಿನಿಂದಲೇ ಎಂದು ಕೆಲವರು ಹೇಳುತ್ತಾರೆ. ಉದ್ದ ಬ್ರೆಡ್ಡುಗಳು ಪ್ಯಾರಿಸಿನಲ್ಲಿ ಅದಕ್ಕಿಂತ ಮೊದಲೂ ಇದ್ದವು. ಏನೇ ಇರಲಿ, ಹಳೆಯ ರುಚಿಯನ್ನು ಮರಳಿ ತಂದದ್ದರಲ್ಲಿ ಹೊಸ ಕಾಲದ ಶೀತಲ ಪೆಟ್ಟಿಗೆಗೂ ಪಾಲಿದೆ. ಯಂತ್ರ ಬಂದದ್ದರಿಂದ ಎಲ್ಲ ಕೆಟ್ಟಿತು ಎನ್ನುವವರ ಜೊತೆ ನಾನು ಸೇರುವುದಿಲ್ಲ.

ಒಂದು ಸರ್ಕಾರ ಬ್ರೆಡ್ಡಿನ ಆಮ್ಲತೆಯವರೆಗೆ ಯಾಕೆ ತಲೆಹಾಕಬೇಕು? ಫ್ರಾನ್ಸಿನಲ್ಲಿ ಬ್ರೆಡ್ಡಿಗೂ ಆಳುವವರಿಗೂ ಇರುವ ಸಂಬಂಧ ಬಹಳ ಹಳೆಯದು, ಭಯದಿಂದ ಹುಟ್ಟಿದ್ದು. 1775ರಲ್ಲಿ ಧಾನ್ಯದ ವ್ಯಾಪಾರವನ್ನು ಸಡಿಲಬಿಟ್ಟದ್ದಕ್ಕೂ ಬೆಳೆ ಕೈಕೊಟ್ಟದ್ದಕ್ಕೂ ಸರಿಹೋಗಿ ಬೆಲೆ ಏರಿದಾಗ ಊರೂರಲ್ಲಿ ಗಲಭೆಗಳಾದವು. ಚರಿತ್ರೆಯಲ್ಲಿ ಅದಕ್ಕೆ ಹಿಟ್ಟಿನ ಯುದ್ಧವೆಂದೇ ಹೆಸರು. 1789ರ ಅಕ್ಟೋಬರ್ 5ರಂದು ಪ್ಯಾರಿಸಿನ ಹೆಂಗಸರು ಬ್ರೆಡ್ಡು ಕೇಳುತ್ತ ವರ್ಸಾಯ್ ಅರಮನೆಗೆ ನಡೆದರು. ಮರುದಿನ ರಾಜಕುಟುಂಬವನ್ನು ನಗರಕ್ಕೆ ಕರೆತರುವಾಗ, ಬೇಕರಿಯವನನ್ನು, ಅವನ ಹೆಂಡತಿಯನ್ನು, ಅವರ ಹುಡುಗನನ್ನು ತಂದೆವು ಎಂದು ಕೂಗಿದರಂತೆ. ರಾಜನೆಂದರೆ ಬ್ರೆಡ್ಡು ಒದಗಿಸಬೇಕಾದವನು ಎಂಬ ತಿಳಿವಳಿಕೆ ಅದರಲ್ಲಿದೆ. 1793ರ ನವೆಂಬರ್‌ನಲ್ಲಿ ಕ್ರಾಂತಿಯ ಆಡಳಿತಗಾರರು ಸಿರಿವಂತರಿಗೊಂದು ಬಡವರಿಗೊಂದು ಬ್ರೆಡ್ಡು ಬೇಡ, ಒಂದೇ ಬಗೆಯ ಸಮಾನತೆಯ ಬ್ರೆಡ್ಡು ಸಾಕು ಎಂದು ಅಪ್ಪಣೆ ಮಾಡಿದರು. ಆ ಕಾಲದಿಂದ ಬಂದ ಒಂದು ನಿಯಮ ಮೊನ್ನೆಮೊನ್ನೆಯವರೆಗೂ ಉಳಿದಿತ್ತು: ಪ್ಯಾರಿಸಿನ ಬೇಕರಿಯವರು ಬೇಸಿಗೆ ರಜೆಯನ್ನು ತಮಗೆ ಬೇಕಾದಾಗ ಹಾಕುವಂತಿರಲಿಲ್ಲ. ಅರ್ಧ ಅಂಗಡಿಗಳು ಜುಲೈನಲ್ಲಿ ಮುಚ್ಚಿದರೆ ಇನ್ನರ್ಧ ಆಗಸ್ಟಿನಲ್ಲಿ. ನಗರಕ್ಕೆ ಬ್ರೆಡ್ಡು ತಪ್ಪಬಾರದು. 2015ರ ಹೊತ್ತಿಗಷ್ಟೇ ಆ ಕಟ್ಟು ಸಡಿಲವಾಯಿತು. ರೂಸೋನ ಸಂಕೋಚದಿಂದ ಕ್ರುವಾ-ರೂಸ್ ಬೇಕರಿಯ ಸಾಲಿನವರೆಗೆ ಬರುವ ದಾರಿ ಇದು.

ಕ್ರುವಾಸಾನ್ ಬಗ್ಗೆ ಹೇಳದಿದ್ದರೆ ಕೇಳುಗರು ಒಪ್ಪುವುದಿಲ್ಲ. ಅದರ ಮೂಲ ವಿಯೆನ್ನಾದ ಅರ್ಧಚಂದ್ರಾಕಾರದ ಕಿಪ್ಫೆರ್ಲ್. 1830ರ ದಶಕದ ಕೊನೆಯಲ್ಲಿ ಆಗಸ್ಟ್ ಜಾಂಗ್ ಎಂಬ ಆಸ್ಟ್ರಿಯದವನು ಪ್ಯಾರಿಸಿನ ರಿಶ್ಲಿಯೂ ಬೀದಿಯಲ್ಲಿ ವಿಯೆನ್ನಾ ಮಾದರಿಯ ಬೇಕರಿ ತೆರೆದ. ಜನ ಮುಗಿಬಿದ್ದರು, ಊರಿನವರು ನೋಡಿ ಕಲಿತರು. ಹುದುಗಿದ ಕಣಕದೊಳಗೆ ಬೆಣ್ಣೆಯ ಹಾಳೆಯನ್ನಿಟ್ಟು ಲಟ್ಟಿಸಿ, ಮೂರು ಮಡಿಕೆ ಮಾಡಿ, ಹೀಗೆ ಮೂರು ಸಲ ಮಾಡಿದರೆ ಇಪ್ಪತ್ತೇಳು ಬೆಣ್ಣೆಯ ಪದರಗಳಾಗುತ್ತವೆ. ಈ ಪದರದ ಕೆಲಸವನ್ನು ಸೇರಿಸಿ ಇಂದಿನ ರೂಪ ಕೊಟ್ಟವರು ಫ್ರೆಂಚರು. ವಿಯೆನ್ನಾಕ್ಕೆ ತುರ್ಕರು 1683ರಲ್ಲಿ ಮುತ್ತಿಗೆ ಹಾಕಿದಾಗ ಹುಟ್ಟಿದ ತಿಂಡಿ ಎಂಬುದೂ, ರಾಣಿ ಮರಿ ಆಂತ್ವಾನೆತ್ ತವರಿನಿಂದ ತಂದಳು ಎಂಬುದೂ ಆಧಾರವಿಲ್ಲದ ಕಥೆಗಳು. ಒಂದು ವಿಷಯ ಮಾತ್ರ ನೆನಪಿರಲಿ: 1998ರ ಕಾನೂನು ಕಾಪಾಡುವುದು ಬ್ರೆಡ್ಡನ್ನು, ಕ್ರುವಾಸಾನನ್ನಲ್ಲ. ಬೂಲಾಂಜರಿ ಎಂದು ಬೋರ್ಡಿದ್ದರೂ ಒಳಗಿನ ಕ್ರುವಾಸಾನ್ ಕಾರ್ಖಾನೆಯಿಂದ ಹಿಮಗಟ್ಟಿ ಬಂದದ್ದಿರಬಹುದು. ಒಂದಕ್ಕೊಂದು ಅಚ್ಚು ಹಾಕಿದಂತಿದ್ದರೆ ಅನುಮಾನಿಸಿ. ಕೈಯಲ್ಲಿ ಸುತ್ತಿದವು ಒಂದೊಂದು ಒಂದೊಂದು ಬಗೆ ಇರುತ್ತವೆ. ಬೆಣ್ಣೆಯದೇ ಬೇಕಿದ್ದರೆ ‘ಓ ಬರ್’ ಎಂದು ಕೇಳಬೇಕು. ವನಸ್ಪತಿಯ ಮಾರ್ಗರಿನ್ ಹಾಕಿದ್ದೂ ಉಂಟು.

ಸಸ್ಯಾಹಾರಿ ಮನೆಗಳಿಂದ ಹೋಗುವವರು ನನ್ನನ್ನು ಕೇಳುವ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಬ್ರಿಯೋಶ್‌ಗೆ ಮೊಟ್ಟೆ ಬೇಕೇ ಬೇಕು. ಕ್ರುವಾಸಾನಿನ ಕಣಕಕ್ಕೆ ಸಾಮಾನ್ಯವಾಗಿ ಮೊಟ್ಟೆ ಬೀಳದಿದ್ದರೂ ಹೊಳಪಿಗೆಂದು ಮೇಲೆ ಬಳಿಯುತ್ತಾರೆ. ಸೇಬು ತುಂಬಿದ ಶೋಸೋಂಗೂ ಹಾಗೆಯೇ. ಬಾಗೆತ್ ತ್ರಾದಿಸಿಯೋಂ ಒಂದರ ಬಗ್ಗೆ ಯಾವ ಶಂಕೆಯೂ ಬೇಡ. ಮೊಟ್ಟೆಯಿಲ್ಲ, ಹಾಲಿಲ್ಲ, ಕೊಬ್ಬಿಲ್ಲ. ಹಾಕುವ ಚಿಟಿಕೆಗಳೂ ಗಿಡದಿಂದ ಬಂದವು. ರುಚಿಗೋಸ್ಕರ ಬರೆದ ಒಂದು ಸರ್ಕಾರಿ ಆಜ್ಞೆ, ಅದನ್ನು ಬರೆದವರು ಎಣಿಸಿಯೂ ಇರದ ಕನ್ನಡದ ಅಜ್ಜಿಯೊಬ್ಬರಿಗೆ ನೆಮ್ಮದಿಯ ಊಟ ಕೊಡುತ್ತದೆ. ಈ ಸಂಗತಿ ನನಗೆ ಬಹಳ ಪ್ರಿಯವಾದದ್ದು.

ಈ ಬ್ರೆಡ್ಡನ್ನು ಇವತ್ತು ಯಾರು ಮಾಡುತ್ತಿದ್ದಾರೆ? ಪ್ಯಾರಿಸ್ ನಗರಸಭೆ 1994ರಿಂದ ನಗರದ ಅತ್ಯುತ್ತಮ ಬಾಗೆತ್ತಿಗೆ ಸ್ಪರ್ಧೆ ನಡೆಸುತ್ತಿದೆ. ಗೆದ್ದವರಿಗೆ ನಾಲ್ಕು ಸಾವಿರ ಯೂರೋ ಬಹುಮಾನ, ಜೊತೆಗೆ ಅಧ್ಯಕ್ಷರ ನಿವಾಸವಾದ ಎಲಿಜೇ ಅರಮನೆಗೆ ಒಂದು ವರ್ಷ ಬ್ರೆಡ್ಡು ಕೊಡುವ ಗೌರವ. 2010 ಮತ್ತು 2015ರಲ್ಲಿ ಗೆದ್ದ ಜಿಬ್ರಿಲ್ ಬೋದಿಯಾನ್ ಸೆನೆಗಲ್ ಮೂಲದವರು. 2013ರಲ್ಲಿ ಗೆದ್ದ ರಿದಾ ಖಾದೇರ್ ಟ್ಯುನೀಸಿಯದವರು. 2023ರಲ್ಲಿ ಗೆದ್ದ ಥರ್ಶನ್ ಸೆಲ್ವರಾಜ ಶ್ರೀಲಂಕಾದಿಂದ ಬಂದು ಪ್ಯಾರಿಸಿನಲ್ಲಿ ಕೆಲಸ ಕಲಿತವರು. ಫ್ರೆಂಚರ ಮನೆಮಾತಾದ ರುಚಿ ಹೀಗೆ ವಲಸೆ ಬಂದವರ ಕೈಯಲ್ಲಿ ಬಾಳುತ್ತಿದೆ. ಲಿಯೋನಿನ ಆ ಅಂಗಡಿಯ ಒಲೆಯ ಮುಂದೆ ಯಾರಿದ್ದರು ಎಂದು ನಾನು ನೋಡಿ ಬರಲಿಲ್ಲ. ಆಮೇಲಿನ ಪ್ರಯಾಣಗಳಲ್ಲಿ ಅಂಗಡಿಯವರು ಬಿಟ್ಟ ಕಡೆಯೆಲ್ಲ ಹಿಂದಿನ ಕೋಣೆಗೆ ಹೋಗಿ ನಿಂತಿದ್ದೇನೆ. ಪ್ರವಾಸ ಕಥನ ಬರೆಯುವ ಗೆಳೆಯರೂ ಅಷ್ಟು ದೂರ ಹೋಗಬೇಕು. ಗಾಜಿನ ಕಪಾಟಿನ ಮುಂದೆ ನಿಂತು ಹೊಗಳಿ ಬಂದರೆ ಬ್ರೆಡ್ಡು ಕಂಡಂತಾಗುವುದಿಲ್ಲ.

2022ರ ನವೆಂಬರ್ 30ರಂದು, ಮೊರಾಕ್ಕೊದ ರಬಾತ್‌ನಲ್ಲಿ ಸೇರಿದ್ದ ಯುನೆಸ್ಕೋ ಸಭೆ ಬಾಗೆತ್ ಮಾಡುವ ಕೈಕಸುಬನ್ನೂ ಅದರ ಸುತ್ತಲಿನ ಬಾಳ್ವೆಯನ್ನೂ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ. ಆದರೆ 1970ರ ಸುಮಾರಿಗೆ ಅಲ್ಲಿ 55,000ದಷ್ಟಿದ್ದ ಬೇಕರಿಗಳು ಈಗ 35,000ದ ಆಸುಪಾಸಿಗೆ ಬಂದಿವೆ. ಹಳ್ಳಿಯ ಬೇಕರಿಯವರಿಗೆ ವಯಸ್ಸಾಗುತ್ತದೆ, ಕೊಳ್ಳುವವರಿಲ್ಲದೆ ಬಾಗಿಲು ಮುಚ್ಚುತ್ತದೆ. ನಾಣ್ಯ ಹಾಕಿದರೆ ಬಾಗೆತ್ ಉದುರಿಸುವ ಯಂತ್ರವನ್ನು ಕೆಲವು ಹಳ್ಳಿಗಳಲ್ಲಿ ನಿಲ್ಲಿಸಿದ್ದಾರೆ. ಹತ್ತಿರದ ಊರಿನ ಬೇಕರಿಯಿಂದಲೇ ಅದಕ್ಕೆ ಬ್ರೆಡ್ಡು ತುಂಬುವುದರಿಂದ ಹೊಟ್ಟೆಗೇನೂ ಮೋಸವಿಲ್ಲ. ಆದರೆ ಯಂತ್ರಕ್ಕೆ ಬೋಂಜೂರ್ ಹೇಳಬೇಕಾಗಿಲ್ಲ. ಒಂಟಿಯಾಗಿ ಬದುಕುವ ಮುದುಕರಿಗೆ ದಿನದಲ್ಲಿ ಮಾತಾಡಲು ಸಿಗುತ್ತಿದ್ದ ಒಬ್ಬರು ಕಡಿಮೆಯಾದರು. ಕಾನೂನು ರುಚಿಯನ್ನು ಉಳಿಸಿಕೊಟ್ಟಿತು. ಹಳ್ಳಿಯ ಬೇಕರಿಗೆ ಉತ್ತರಾಧಿಕಾರಿಯನ್ನು ಹುಡುಕಿಕೊಡಲು ಅದರಿಂದಾಗಿಲ್ಲ. ಆ ಕಾರಣಕ್ಕೇ, ಪಟ್ಟಿಗೆ ಸೇರಿದ ಸಂಭ್ರಮಕ್ಕಿಂತ ಬೇಕರಿಯ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರ ವಿಷಯ ನನಗೆ ದೊಡ್ಡದಾಗಿ ಕಾಣುತ್ತದೆ. ಬೇರೆ ಉದ್ಯೋಗ ಬಿಟ್ಟು ನಡುವಯಸ್ಸಿನಲ್ಲಿ ಈ ಕೆಲಸ ಕಲಿಯಲು ಬರುವವರೂ ಅಲ್ಲಿ ಈಗ ಇದ್ದಾರೆ.

ಇನ್ನು, ಹೋಗುವವರಿಗೆ ಬಳಕೆಯ ನಾಲ್ಕು ಮಾತು. ಸುಮ್ಮನೆ ಬಾಗೆತ್ ಎನ್ನದೆ ತ್ರಾದಿಸಿಯೋಂ ಎಂದು ಕೇಳಿ. ಕೆಲವು ಸೆಂಟು ಹೆಚ್ಚು ಕೊಟ್ಟರೆ ಬೇರೆಯೇ ಬ್ರೆಡ್ಡು ಸಿಗುತ್ತದೆ. ತಿರುಗಿಸಿ ತಳ ನೋಡಿ: ಸಣ್ಣ ಚುಕ್ಕೆಗಳ ಸಾಲಿದ್ದರೆ ಜಾಲರಿ ತಟ್ಟೆಯ ಮೇಲೆ ಬೆಂದದ್ದು, ನಯವಾಗಿ ಹಿಟ್ಟು ಮೆತ್ತಿದ್ದರೆ ಒಲೆಯ ಕಲ್ಲಿನ ಮೇಲೆ ಬೆಂದದ್ದು. ವಾರಕ್ಕೊಂದು ದಿನ ಅಂಗಡಿ ಮುಚ್ಚುವುದು ಅಲ್ಲಿ ಹಲವು ಜಿಲ್ಲೆಗಳಲ್ಲಿ ಕಡ್ಡಾಯ. ಆ ದಿನ ಯಾವುದೆಂದು ಬಾಗಿಲ ಮೇಲೆ ಬರೆದಿರುತ್ತದೆ, ಓದಿಕೊಂಡಿರಿ. ಕೊಂಡದ್ದನ್ನು ಆ ದಿನವೇ ತಿನ್ನಿ. ಉಳಿದರೆ ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸುತ್ತಿಟ್ಟು, ಮರುದಿನ ಮೇಲೆ ನೀರು ಚಿಮುಕಿಸಿ ಬಿಸಿ ಒಲೆಯಲ್ಲಿ ಐದು ನಿಮಿಷ ಇಟ್ಟರೆ ಗರಿಗರಿ ಸ್ವಲ್ಪ ಹೊತ್ತಿಗೆ ಮರಳುತ್ತದೆ.